ಸುವ್ವಿಯ ಪ್ರಾರ್ಥನೆ ವಿಷಯ

"ಇನ್ನ ಯಾರ್ದಾದ್ರೂ ಪ್ರಾರ್ಥನೆ ವಿಷಯ ಅದಾವೇನ್ರಿ?" ಪಾಸ್ಟರ್ ಕೇಳಿದರು.

ಜಮಖಾನದ ಮೊದಲ ಸಾಲಿನಲ್ಲಿ ಕೂತಿದ್ದ ಸುವ್ವಿ ಕೈ ಎತ್ತಿದಳು. ಅದು ಸಾಲದು ಅನ್ನಿಸಿ ಎದ್ದೇ ನಿಂತಳು.

ಹೂವಿನಹಡಗಲಿಯ ಆ ಪುಟ್ಟ ಚರ್ಚಿನಲ್ಲಿ ಪ್ರತಿ ಭಾನುವಾರ ಪಾಸ್ಟರ ಬೈಬಲ್ ಪ್ರಸಂಗ ಮುಗಿದ ಮೇಲೆ ಹೀಗೆ ಕೇಳುವುದು ರೂಢಿ. ಒಬ್ಬೊಬ್ಬರೇ ಎದ್ದು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಮಂಡಿನೋವು, ಸೊಸೆಯ ಹೆರಿಗೆ, ಅಳಿಯನ ಕುಡಿತ, ಎಲ್ಲಾ. ಆಮೇಲೆ ಸಭೆಯವರೆಲ್ಲ ಕಣ್ಣು ಮುಚ್ಚಿ, ಅವರವರ ಹೆಸರು ಹಿಡಿದು, ಗಟ್ಟಿಯಾಗಿ ಬೇಡಿಕೊಳ್ಳುತ್ತಾರೆ. ಮಕ್ಕಳು ಎದ್ದು ನಿಲ್ಲುವುದು ಕಮ್ಮಿ. ನಿಂತರೆ ಮರುದಿನ ಗಣಿತದ ಟೆಸ್ಟ್ ಇದೆ ಅಂತಲೇ ಅರ್ಥ.

"ಹೇಳವ್ವ ಸುವಾರ್ತಾ" ಅಂದರು ಪಾಸ್ಟರ್. ಚರ್ಚಿನಲ್ಲಿ ಮತ್ತು ಸ್ಕೂಲಿನಲ್ಲಿ ಅವಳು ಸುವಾರ್ತಾ. ಮನೆಯಲ್ಲಿ ಸುವ್ವಿ.

"ನಮ್ಮಕ್ಕನ ಸಲುವಾಗಿ ಪ್ರಾರ್ಥನೆ ಮಾಡ್ರಿ. ಕರುಣಕ್ಕ ಚರ್ಚಿಗೆ ಬರದ ಐದು ವಾರ ಆತು."

"ಸ್ತೋತ್ರ, ಸ್ತೋತ್ರ" ಅಂದರು ಹಿಂದಿನಿಂದ ಯಾರೋ.

ಅಷ್ಟಕ್ಕೇ ಕೂತುಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ದೊಡ್ಡವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ! ಹತ್ತು ವರ್ಷದ ಸುವ್ವಿಗೆ ಅದರಿಂದ ಭಾಳ ಖುಷಿಯಾಯಿತು. ಬಾಯಿ ತನ್ನಷ್ಟಕ್ಕೆ ಮುಂದೆ ಹೋಯಿತು.

"ಓದೂದೈತಿ ಅಂತ ಸುಳ್ಳು ಹೇಳ್ತಾಳ್ರಿ ಆಕಿ. ಖರೇ ಏನಂದ್ರ, ಪ್ರಾರ್ಥನಿಗೆ ಕೂತ್ರ ಗ್ವಾಡಿ ಜೋಡಿ ಮಾತಾಡಿದಂಗ ಅನಸ್ತೈತಂತ. ಆ ಕಡಿ ಯಾರೂ ಕೇಳಾಕತ್ತಿಲ್ಲ ಅನಸ್ತೈತಂತ. ನನಗೊಬ್ಬಾಕಿಗೇ ಹೇಳ್ಯಾಳ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಯ್ಯ ನನ್ನ ಕರ್ತನೇ!" ಅಂದಳು ಚೌಡಕ್ಕ. ಉಪವಾಸ ಪ್ರಾರ್ಥನೆಗೆಲ್ಲ ಮುಂದಾಳು ಆಕೆಯೇ. ಯಾರ ಮನೆಯಲ್ಲಿ ಜಡ್ಡು ಬಿದ್ದರೂ ಮೊದಲು ಗಂಜಿ ಹೊತ್ತು ಹೋಗುವವಳೂ ಆಕೆಯೇ.

ಪಾಸ್ಟರ್ ಹಿಂದಿನ ಸಾಲಿನ ಕಡೆ ನೋಡಿದರು. ಅಲ್ಲಿ ಆರು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಅವು ಯೌವನಸ್ಥರ ಕುರ್ಚಿಗಳು. ಎರಡು ವರ್ಷದ ಹಿಂದೆ ಆರೂ ತುಂಬಿ, ಹುಡುಗರು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಈಗ ಒಂದರ ಮೇಲೆ ಹಾಡಿನ ಪುಸ್ತಕಗಳ ರಾಶಿ ಇತ್ತು. ಉಳಿದ ಐದು ಖಾಲಿ.

"ನೋಡ್ರಿ, ಇದನ್ನ ನಾನು ಹೇಳೂದು. ಈ ಮೊಬೈಲು, ಈ ಕಾಲೇಜು, ಈ ರೀಲ್ಸು! ನಮ್ಮ ಹುಡುಗುರ್ನ ಒಬ್ಬೊಬ್ಬರನ್ನ ಎಳಕೊಂಡು ಹೊಂಟಾವು" ಅಂದರು. ಅವರ ದನಿ ನಡುಗುತ್ತಿತ್ತು. ಎಲ್ಲರೂ ಕಣ್ಣು ಮುಚ್ಚಿ ಕರುಣಾ, ಕರುಣಾ ಅಂತ ಬೇಡಿಕೊಂಡರು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಪಕ್ಕೀರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, "ನನ್ನ ಬಂಗಾರ" ಅಂತ ಸುವ್ವಿಯ ಬೆನ್ನು ಸವರಿದಳು.

ಸುವ್ವಿ ಆ ದಿನ ಕುಣಿಯುತ್ತಾ ಮನೆಗೆ ಬಂದಳು.

ಸಂಜೆ ಕರುಣಕ್ಕ ಗೆಳತಿಯ ಮನೆಯಿಂದ ಬರುವಷ್ಟರಲ್ಲಿ ಬಾಗಿಲ ಮುಂದೆ ಚಪ್ಪಲಿಗಳ ಸಾಲೇ ಇತ್ತು. ಒಳಗೆ ಚೌಡಕ್ಕ, ಇನ್ನಿಬ್ಬರು ಹೆಂಗಸರು, ಪಾಸ್ಟರ್. ಅವ್ವ ಚಹಾ ಸೋಸುತ್ತಿದ್ದಳು. ಬಸ್ ಕಂಡಕ್ಟರ್ ಆಗಿದ್ದ ಅಪ್ಪ ಸಂಜೀವ ಡ್ಯೂಟಿ ಮುಗಿಸಿ ಬಂದು, ಖಾಕಿ ಬಟ್ಟೆಯಲ್ಲೇ ತಲೆ ತಗ್ಗಿಸಿ ಕೂತಿದ್ದ.

"ಬಾರವ್ವ ಕರುಣಾ, ಕುಂದ್ರು. ಗ್ವಾಡಿ ಜೋಡಿ ಮಾತಾಡಿದಂಗ ಅನಸ್ತೈತಂತಲ್ಲ ನಿನಗ?" ಅಂದಳು ಚೌಡಕ್ಕ.

ಕರುಣಕ್ಕ ಸುವ್ವಿಯನ್ನು ನೋಡಿದಳು. ಒಂದೇ ಸಲ.

ಆಮೇಲೆ ಅಕ್ಕನ ತಲೆಯ ಮೇಲೆ ನಾಲ್ಕು ಕೈಗಳು ಬಂದವು. ಹಣೆಗೆ ಎಣ್ಣೆ ಹಚ್ಚಿದರು. ಅರ್ಧ ಗಂಟೆ ಪ್ರಾರ್ಥನೆ ನಡೆಯಿತು. ಡಿಗ್ರಿ ಓದುವ ಅಕ್ಕ, ಕಾಲೇಜಿನ ಡಿಬೇಟಿನಲ್ಲಿ ಕಪ್ ಗೆದ್ದ ಅಕ್ಕ, ಬಾಯಿ ಬಿಡದೆ ಕಂಬದ ಹಾಗೆ ಕೂತಿದ್ದಳು.

ಅಷ್ಟಕ್ಕೇ ಮುಗಿಯಲಿಲ್ಲ. ಯಾರೋ ಪ್ರಾರ್ಥನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು: "ಸಹೋದರಿ ಕರುಣಾಳ ನಂಬಿಕೆಗಾಗಿ ಪ್ರಾರ್ಥಿಸಿರಿ." ಕೆಳಗೆ ಹದಿನೆಂಟು ಕೈ ಮುಗಿಯುವ ಚಿತ್ರಗಳು. ರಾತ್ರಿ ಊಟದ ಹೊತ್ತಿಗೆ ಕೊಟ್ಟೂರಿನಿಂದ ದೊಡ್ಡಮ್ಮ ಫೋನ್ ಮಾಡಿ ಅತ್ತಳು. ಹರಪನಹಳ್ಳಿಯ ಸೋದರಮಾವ ಅಪ್ಪನಿಗೆ ಬೈದ. ಹಗರಿಬೊಮ್ಮನಹಳ್ಳಿಯಿಂದ ಗುರುತೇ ಇಲ್ಲದ ಯಾರೋ ಒಬ್ಬರು ಮೂರು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರು.

ಮಲಗುವಾಗ ಸುವ್ವಿ ಮೆಲ್ಲಗೆ ಅಕ್ಕನ ಹತ್ತಿರ ಸರಿದಳು. "ಅಕ್ಕಾ, ನಾ ನಿನ್ನ ಒಳ್ಳೇದಕ್ಕ..."

"ಗೊತ್ತೈತಿ. ನಿನಗೊಬ್ಬಾಕಿಗೇ ಅಂತ ಹೇಳಿದ್ದೆ, ಸುವ್ವಿ."

ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ಬೈದಿದ್ದರೆ ಬೇಕಿತ್ತು. ಎರಡೇಟು ಹೊಡೆದಿದ್ದರೆ ಇನ್ನೂ ಬೇಕಿತ್ತು. ಹೊಡೆದರೆ ಅಳಬಹುದು, ಅತ್ತರೆ ಅಕ್ಕನೇ ಸಮಾಧಾನ ಮಾಡುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಅಕ್ಕ ಹಾಗೆ ಮಾಡಲಿಲ್ಲ. ಬೆಳಿಗ್ಗೆ ಎಂದಿನಂತೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದಳು. ಆದರೆ ಜಡೆ ಹಾಕುವಾಗ ಕಾಲೇಜಿನ ಸುದ್ದಿ ಹೇಳಲಿಲ್ಲ. ಕನ್ನಡ ಮೇಷ್ಟ್ರು ಸೀನುವುದನ್ನು ಮಾಡಿ ತೋರಿಸಲಿಲ್ಲ. ಸೋಮವಾರ ಹಾಗೆ, ಮಂಗಳವಾರವೂ ಹಾಗೆ. ಇನ್ನು ಯಾವತ್ತೂ ಅಕ್ಕ ತನಗೆ ಏನೂ ಹೇಳುವುದಿಲ್ಲವೇನೋ ಅಂತ ಸುವ್ವಿಗೆ ಹೆದರಿಕೆ ಶುರುವಾಯಿತು. ಸ್ಕೂಲಿನಲ್ಲಿ ಬಿಸಿಯೂಟ ಕೂಡ ಸೇರಲಿಲ್ಲ.

ಬುಧವಾರ ಅಜ್ಜಿಯ ಫೋನು ಚಾರ್ಜ್ ಆಗುವುದನ್ನು ನಿಲ್ಲಿಸಿತು. ಅದನ್ನು ಹಿಡಿದು ಸುವ್ವಿ ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋದಳು. ಅಂಗಡಿ ಕ್ರಾಂತಿ ಅಣ್ಣನದು. ಮೊದಲು ಅವನು ಚರ್ಚಿನಲ್ಲಿ ಡೋಲಕ್ ಬಾರಿಸುತ್ತಿದ್ದ. ಹೆಂಗೆ ಬಾರಿಸುತ್ತಿದ್ದ ಅಂದರೆ, ಮಂಡಿನೋವಿನ ಮುದುಕಿಯರೂ ಎದ್ದು ನಿಂತು ಚಪ್ಪಾಳೆ ಹಾಕಬೇಕು!

ಅವನು ಸೂಜಿಯಿಂದ ಫೋನಿನ ತೂತಿನೊಳಗಿನ ಧೂಳು ಕೆದಕುತ್ತಿದ್ದ. ಸುವ್ವಿ ಸುತ್ತುಬಳಸಿ ಮಾತಾಡುವವಳಲ್ಲ.

"ಕ್ರಾಂತಿ ಅಣ್ಣಾ, ನೀ ಯಾಕ ಚರ್ಚಿಗೆ ಬರೂದು ಬಿಟ್ಟಿ? ರೀಲ್ಸ್ ನೋಡಾಕಾ?"

ಕ್ರಾಂತಿ ಅಣ್ಣ ನಕ್ಕ. "ಹಂಗಂತ ಹೇಳ್ತಾರೇನು?"

"ಮೊಬೈಲು, ಕಾಲೇಜು, ರೀಲ್ಸು ಅಂತಾರ ಪಾಸ್ಟರ್ ಅಂಕಲ್."

"ಮೊಬೈಲಂತೂ ದಿನಾ ಕೈಯಾಗ ಐತಿ ಬಿಡು." ಅವನು ಸೂಜಿ ಕೆಳಗಿಟ್ಟ. "ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷಿ ಬರದಿದ್ದೆ. ಮೂರು ಸಲ ಬರದೆ, ಮೂರೂ ಸಲ ಹೋತು. ಪ್ರತಿ ಸಲ ನಮ್ಮವ್ವ ಎದ್ದು ನಿಂತು ಸಭಿ ಮುಂದ ಹೇಳಿದ್ಲು. ಎಲ್ಲಾರೂ ಪ್ರಾರ್ಥನೆ ಮಾಡಿದ್ರು. ಒಳ್ಳೇ ಮಂದೀನ, ಇಲ್ಲ ಅನ್ನಂಗಿಲ್ಲ. ಆದ್ರ ಹೊರಗ ಚಪ್ಪಲಿ ಹಾಕ್ಕೊಳೂಮುಂದ ಒಬ್ಬರು, 'ಎಷ್ಟು ಮಾರ್ಕ್ಸ್‌ನಿಂದ ಹೋತೋ?' ಸಂತ್ಯಾಗ ಒಬ್ಬರು, 'ಈ ಸಲನೂ ಆಗ್ಲಿಲ್ಲಂತಲ್ಲೋ?' ದೇವರ ಮುಂದ ಇರಲಿ ಅಂದ್ಕೊಂಡಿದ್ದು ಬಸ್‌ಸ್ಟ್ಯಾಂಡಿನ್ಯಾಗ ಕುಂತಿತ್ತು, ಸುವ್ವಿ. ನನಗ ನಾಚಿಕಿ ಆತು. ಒಂದು ವಾರ ತಪ್ಪಿಸಿದೆ. ಆಮ್ಯಾಲೆ 'ಕ್ರಾಂತಿ ಯಾಕ ಬರಂಗಿಲ್ಲ' ಅನ್ನೂದ ಒಂದು ಪ್ರಾರ್ಥನೆ ವಿಷಯ ಆತು!"

ಸುವ್ವಿ ಮೆಲ್ಲಗೆ ಕೇಳಿದಳು, "ದೇವರ ಮ್ಯಾಲೆ ಸಿಟ್ಟು ಐತೇನು?"

"ಅವನ ಮ್ಯಾಲೆ ಯಾಕ? ಡೋಲಕ್ ಮನ್ಯಾಗ ಐತಿ. ಬಾರಸ್ತೀನಿ, ಬಾಗ್ಲ ಹಾಕ್ಕೊಂಡು."

"ಉಳಿದೋರೂ ಹಿಂಗ ಬಿಟ್ರೇನು?"

"ಒಬ್ಬೊಬ್ಬರದು ಒಂದೊಂದು. ಯಾರಿಗೋ ಪ್ರಸಂಗ ಬ್ಯಾಸರ, ಯಾರೋ ಕೆಲಸಕ್ಕ ಹೋದ್ರು. ನಿಮ್ಮಕ್ಕಂದು ಏನಂತ ಆಕೀನ ಹೇಳಬೇಕು. ನಾನಲ್ಲ." ಅವನು ಫೋನು ಚಾರ್ಜಿಗೆ ಹಾಕಿ ತೋರಿಸಿದ. "ತಗೋ. ಬರೇ ಧೂಳು ತುಂಬಿತ್ತು."

ಮನೆಗೆ ಬಂದಾಗ ಅಜ್ಜಿ ಕಟ್ಟೆಯ ಮೇಲೆ ಮಲ್ಲಿಗೆ ಮೊಗ್ಗು ಹರವಿಕೊಂಡು ಮಾರು ಕಟ್ಟುತ್ತಿದ್ದಳು. ಸುವ್ವಿ ಪಕ್ಕದಲ್ಲಿ ಕೂತು ಎರಡೆರಡೇ ಮೊಗ್ಗು ಜೋಡಿಸಿ ಕೊಡತೊಡಗಿದಳು.

"ಅಜ್ಜೀ, ಬರೂ ಭಾನುವಾರ ಅಕ್ಕನ ಹೆಸರು ಹೇಳಬ್ಯಾಡ."

"ಯಾಕಬೇ? ಹೆಸರು ಹೇಳಿ ಬೇಡಿಕೊಂಡ್ರ ತಪ್ಪೇನು?" ಅಜ್ಜಿಗೆ ಸಿಟ್ಟೇ ಬಂತು. "ನಾ ಸಣ್ಣಾಕಿದ್ದಾಗ ನಮ್ಮ ಹೆಸರು ಹಿಡಿದು ಯಾರು ಕರೀತಿದ್ರು? ದೂರ ನಿಲ್ಲಿಸಿ, 'ಏ ಇವಳೇ, ಏ ಕೇರ್ಯಾಕಿ' ಅಂತಿದ್ರು. ನಿಮ್ಮಪ್ಪ ಹೊಟ್ಟ್ಯಾಗಿದ್ದಾಗ ನನಗ ಜ್ವರ ನೆತ್ತಿಗೇರಿತ್ತು. ಬದುಕಂಗಿಲ್ಲ ಅಂತ ತಿಳಕೊಂಡು ಚರ್ಚಿಗೆ ಹೋಗಿ ನಿಂತೆ. ನಲವತ್ತು ಮಂದಿ ಪಕ್ಕೀರಮ್ಮ, ಪಕ್ಕೀರಮ್ಮ ಅಂತ ನನ್ನ ಹೆಸರು ಹಿಡಿದು ಅತ್ತರು. ನಾನೂ ಒಬ್ಬ ಮನುಷ್ಯಾಳು ಅಂತ ಗೊತ್ತಾಗಿದ್ದು ಅವತ್ತ."

ಅಜ್ಜಿಯ ಕಣ್ಣು ತುಂಬಿದ್ದವು. ಸುವ್ವಿ ಇನ್ನೆರಡು ಮೊಗ್ಗು ಜೋಡಿಸಿದಳು. ಅಜ್ಜಿ ಹೇಳಿದ್ದು ಖರೇನೇ ಇತ್ತು. ಕ್ರಾಂತಿ ಅಣ್ಣ ಹೇಳಿದ್ದೂ ಖರೇನೇ ಇತ್ತು. ಎರಡೂ ಹೆಂಗೆ ಖರೇ ಆಗುತ್ತವೆ?

"ಅಜ್ಜೀ, ಅವತ್ತು ನೀನ ಎದ್ದು ನಿಂತಿದ್ದಿ, ಹೌದಿಲ್ಲೋ?"

"ಹೂಂ ಮತ್ತ. ನನ್ನ ಕಷ್ಟ ನಾನ ಹೇಳಿದ್ದೆ."

"ಅಕ್ಕ ಎದ್ದು ನಿಂತಿದ್ದಿಲ್ಲ."

ಅಜ್ಜಿಯ ಬೆರಳು ದಾರದ ಮೇಲೆ ನಿಂತವು. ಆಮೇಲೆ "ಮೊಗ್ಗು ಕೊಡು, ಬಾಡ್ತಾವು" ಅಂದಳು. ಅಷ್ಟೇ.

ಮುಂದಿನ ಭಾನುವಾರ ಪ್ರಸಂಗ ಮುಗಿಯಿತು. ಸುವ್ವಿ ಬೇಕೆಂದೇ ಜಮಖಾನದ ಕೊನೆಯ ಸಾಲಿನಲ್ಲಿ ಅಜ್ಜಿಯ ಬೆನ್ನಿಗೆ ಅಡಗಿ ಕೂತಿದ್ದಳು. ಆದರೂ ಪಾಸ್ಟರ್ ಹುಡುಕಿದರು.

"ಸುವಾರ್ತಾ ಎಲ್ಲಿ? ಏಳವ್ವ. ನಿಮ್ಮಕ್ಕ ಏನಂತಾಳ? ಏನಾರ ಬದಲಾವಣಿ ಆಗೇತೇನು?"

ಎಲ್ಲರೂ ತಿರುಗಿ ನೋಡಿದರು. ಹೋದ ವಾರ ಖುಷಿ ಕೊಟ್ಟ ಅದೇ ಕಣ್ಣುಗಳು. ಎದ್ದು ನಿಂತ ಸುವ್ವಿಗೆ ಈಗ ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು. ಅಕ್ಕನಿಗೂ ಹೀಗೇ ಆಗಿರಬೇಕು ಅಂದುಕೊಂಡಳು.

"ವಿಷಯ ಐತ್ರಿ. ಆದ್ರ ಹೇಳಂಗಿಲ್ಲ" ಅಂದಳು.

ಯಾರೋ ಕಿಸಕ್ಕನೆ ನಕ್ಕರು. ಚೌಡಕ್ಕ ಮಾತ್ರ ಬಿಡಲಿಲ್ಲ. "ಹೇಳದಿದ್ರ ನಾವು ಪ್ರಾರ್ಥನೆ ಮಾಡೂದು ಹೆಂಗಬೇ?"

"ದೇವರಿಗೆ ಗೊತ್ತಿರತೈತಲ್ರಿ" ಅಂದಳು ಸುವ್ವಿ. ಕೆಣಕುವುದಕ್ಕೆ ಹೇಳಿದ್ದಲ್ಲ. ಸಂಡೇ ಸ್ಕೂಲಿನಲ್ಲಿ ಹಾಗೇ ಕಲಿಸಿದ್ದರು.

ಚೌಡಕ್ಕ ಅಜ್ಜಿಯ ಕಡೆ ತಿರುಗಿದಳು. "ಪಕ್ಕೀರಮ್ಮ, ನೀನಾದ್ರೂ ಹೇಳು."

"ಇಲ್ಲವ್ವ. ಅದು ನನ್ನ ವಿಷಯ ಅಲ್ಲ" ಅಂದಳು ಅಜ್ಜಿ.

ಪಾಸ್ಟರ್ ಇನ್ನೊಮ್ಮೆ ಕೇಳುವವರಿದ್ದರು. ಅವರ ಕಣ್ಣು ಸುವ್ವಿಯ ಹಿಂದಿದ್ದ ಆರು ಕುರ್ಚಿಗಳ ಮೇಲೆ ಹೋಯಿತು.

"ಆತು" ಅಂದರು ಕೊನೆಗೆ. "ಇವತ್ತೊಂದಿನ ಎಲ್ಲಾರೂ ಮನಸ್ಸಿನ್ಯಾಗ ಬೇಡಿಕೊಳ್ಳೋಣು."

ಆ ಚರ್ಚಿನಲ್ಲಿ ಅಂಥಾ ಪ್ರಾರ್ಥನೆ ಯಾರಿಗೂ ರೂಢಿ ಇರಲಿಲ್ಲ. ಒಂದಿಬ್ಬರು ಕೆಮ್ಮಿದರು. ಚೌಡಕ್ಕನ ಬಾಯಿಂದ ತಡೆಯಲಾರದೆ ಆಗಾಗ "ಸ್ತೋತ್ರ" ಜಾರುತ್ತಿತ್ತು. ಸುವ್ವಿ ಕಣ್ಣು ಬಿಗಿಯಾಗಿ ಮುಚ್ಚಿದಳು. ಅಕ್ಕ ಚರ್ಚಿಗೆ ಬರಲಿ ಅಂತ ಅವಳು ಬೇಡಲಿಲ್ಲ. ಅಕ್ಕ ನನ್ನ ಜೋಡಿ ಮಾತಾಡಲಿ ಅಂತ ಬೇಡಿದಳು.

ಮನೆಯಲ್ಲಿ ಅಕ್ಕ ಹೊಸ್ತಿಲ ಮೇಲೆ ಕೂತು ಪುಸ್ತಕ ಓದುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಇವತ್ತೇನು ಹೇಳಿ ಬಂದಿ?"

"ಏನೂ ಇಲ್ಲ."

"ಸುಳ್ಳು."

"ಖರೇನಬೇ" ಅಂದಳು ಅಜ್ಜಿ, ಹಿಂದೆ ಏದುಸಿರು ಬಿಡುತ್ತಾ ಬಂದವಳು. "ವಿಷಯ ಐತಿ, ಹೇಳಂಗಿಲ್ಲ ಅಂದ್ಲು. ಚೌಡಕ್ಕನ ಮಾರಿ ನೋಡಬೇಕಿತ್ತು ನೀನು!"

ಅಕ್ಕ ಪುಸ್ತಕ ಮುಚ್ಚಿದಳು. ತುಟಿ ಕಚ್ಚಿ ಹಿಡಿದರೂ ನಗು ಬಂದೇ ಬಂತು. ಸುವ್ವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮುಂದಿನ ವಾರ ಬರ್ತೀಯೇನಕ್ಕಾ" ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಬಾ ಇಲ್ಲಿ, ಜಡಿ ಬಿಚ್ಚೇತಿ" ಅಂದಳು ಅಕ್ಕ.

ಸುವ್ವಿ ಅಕ್ಕನ ಮೊಣಕಾಲ ನಡುವೆ ಕೂತಳು. ಬಾಚಣಿಗೆ ಎರಡು ಸಲ ಇಳಿಯಿತು, ಮೂರು ಸಲ ಇಳಿಯಿತು. ಆಮೇಲೆ ಕಿವಿಯ ಹತ್ತಿರ ಅಕ್ಕನ ಉಸಿರು ಬಂತು.

"ಸುವ್ವೀ, ಒಂದು ಮಾತು ಹೇಳ್ಲೇನು?"

ಸುವ್ವಿ ಹೂಂ ಅನ್ನುವಂತೆ ತಲೆಯಾಡಿಸಿದಳು. ಅಕ್ಕ ಹೇಳಿದಳು. ಭಾಳ ಹೊತ್ತು ಹೇಳಿದಳು.

ಏನು ಹೇಳಿದಳು ಅಂತ ಈ ಕಥೆ ಹೇಳುತ್ತಿರುವ ನನಗೂ ಗೊತ್ತಿಲ್ಲ. ಸುವ್ವಿಯನ್ನು ಎರಡು ಸಲ ಕೇಳಿ ನೋಡಿದೆ. ಒಂದು ಸಲ ಚಾಕಲೇಟು ಕೊಟ್ಟೂ ಕೇಳಿದೆ. ಚಾಕಲೇಟು ತಿಂದಳು. ಹೇಳಲಿಲ್ಲ.