ಬದುಕಿದ್ದವಳಿಗೆ ಅತ್ತವರು

"ಬದುಕಿದ್ದವರ ಹೆಸರಿನ್ಯಾಗ ಜನರನ್ನ ಅಳಿಸಬ್ಯಾಡ ತಮ್ಮಾ. ಅದು ಮಾಟ."

ಚೆನ್ನಬಸಮ್ಮ ಹಾಗೆಂದಾಗ ಪ್ರಭಂಜನ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಅವನಿಗೆ ಕೋಣೆ ಬಾಡಿಗೆಗೆ ಕೊಟ್ಟ ಮುದುಕಿ ಅವಳು. ಸತ್ತವರ ಮನೆಗೆ ಹೋಗಿ, ಹೆಣದ ಮುಂದೆ ಕುಳಿತು, ಅವರ ಗುಣಗಳನ್ನು ಹಾಡಿಕೊಂಡು ಅಳುವುದು ಅವಳ ಕಸುಬು. ಓಣಿಯನ್ನೇ ಅಳಿಸುವವಳನ್ನು ಅಳಿಸಿ ನೋಡೋಣವೆಂದು ಅವನು ತನ್ನ ಆತ್ಮಕಥೆಯ ಕೊನೆಯ ಅಧ್ಯಾಯವನ್ನು ಅವಳಿಗೆ ಓದಿ ಹೇಳಿದ್ದ. ಅದರಲ್ಲಿ ಅವನ ಹೆಂಡತಿ ಶ್ರೀವಾಣಿ ಜ್ವರ ಬಂದು, ಅವನ ತೊಡೆಯ ಮೇಲೆ ತಲೆಯಿಟ್ಟು ಸಾಯುತ್ತಾಳೆ. ಮುದುಕಿ ಗಳಗಳನೆ ಅತ್ತಳು. ಸೆರಗಿನಿಂದ ಮೂಗು ಒರೆಸಿಕೊಂಡು, "ಪಾಪ, ತೀರಿಕೊಂಡು ಎಷ್ಟು ವರ್ಷಾತು?" ಎಂದಳು.

"ಎಲ್ಲಿ ತೀರಿಕೊಂಡ್ಳು ಅಜ್ಜಿ? ಕಂಪ್ಲಿಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತಾ ಗಟ್ಟಿಮುಟ್ಟಾಗಿದ್ದಾಳೆ."

ಮುದುಕಿ ದಡಕ್ಕನೆ ಎದ್ದಳು. "ಲೇ ಮೂಳಾ, ನಿನ್ನ ಬಾಯಾಗ ಮಣ್ಣ ಬೀಳ! ನಿನ್ನ ನಾಲಿಗಿ ಸೇದಿಹೋಗ!" ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ಬೈದು ಮುಗಿಸಿ, ಬಾಯಿ ಮುಕ್ಕಳಿಸಿ ಉಗುಳಿ, ತಣ್ಣಗೆ ಕುಳಿತಳು.

"ನನ್ನ ಅಳು ವಾಪಸ್ ತಗೊಂಡೆ. ಕಾಗಿ ತಲಿ ಮುಟ್ಟಿದ್ರ ಸಾವಿನ ಕುತ್ತ ಅಂತಾರ, ಆಗ ಏನ್ ಮಾಡ್ತೀವಿ? ಸತ್ತಾನಂತ ಬೀಗರಿಗೆ ಸುಳ್ಳು ಸುದ್ದಿ ಕಳಿಸ್ತೀವಿ. ಅವರು ಅಳ್ತಾರ. ಆಮ್ಯಾಲ ಸುಳ್ಳಂತ ಹೇಳಿದ್ರ ಬಾಯಿಗೆ ಬಂದಂಗ ಬೈತಾರ. ಆ ಬೈಗುಳ ಬಿದ್ರನ ಕುತ್ತ ಕಳೀತೈತಿ. ಬೀಳಲಿಲ್ಲಂದ್ರ ಸಾವು ಅಲ್ಲೇ ಕುಂತುಬಿಡತೈತಿ." ಅವಳ ದನಿ ಇಳಿಯಿತು. "ನಮ್ಮ ಮೆಟ್ರಿ ಊರಾಗ ಒಬ್ಬಾಕಿಗೆ ಹಿಂಗ ಮಾಡಿಸಿದ್ರು. ಹಿಟ್ಟಿನ ಗೊಂಬಿ ಮಾಡಿ, ಹಸಿ ಬಿದಿರಿನ ಚಟ್ಟದ ಮ್ಯಾಲ ಮಲಗಿಸಿ, ಒಂಬತ್ತು ಹೆಂಗಸರ ಕಡಿಂದ ಅಳಿಸಿದ್ರು. ಅತ್ತವರ ಕಣ್ಣಿಗೆ ಮೊದಲು ಆಕಿ ಕಾಣದಂಗಾದ್ಲು. ಆಮ್ಯಾಲ ಊರಿಗೇ ಕಾಣಲಿಲ್ಲ. ಒಂಬತ್ತು ಮಂದಿ ಅಳು ಸಾಕಾತು. ನೀ ಎಷ್ಟು ಮಂದಿನ ಅಳಿಸಾಂವ?"

"ಮೊದಲ ಮುದ್ರಣ ಸಾವಿರ ಪ್ರತಿ ಅಜ್ಜಿ" ಎಂದು ಅವನು ಮತ್ತೆ ನಕ್ಕ.

ಮೈಸೂರಿನ ಪ್ರಭಂಜನ ಹೊಸಪೇಟೆಗೆ ಬಂದು ಎರಡು ವರ್ಷವಾಗಿತ್ತು. ಬಸವಕುಮಾರನ ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸ. ಈ ಊರನ್ನೇ ಆರಿಸಿಕೊಂಡದ್ದು ಕಂಪ್ಲಿ ಹತ್ತಿರವೆಂದು. ಗಂಡನ ಸುಳ್ಳುಗಳಿಗೆ ಸೋತು ತವರಿಗೆ ಹೋಗಿದ್ದ ಶ್ರೀವಾಣಿ, "ನಿಮ್ಮ ಬಾಯಿಂದ ಒಂದ ಒಂದು ಖರೇ ಮಾತು ಬರಲಿ, ಅವತ್ತು ಬರ್ತೀನಿ" ಎಂದುಬಿಟ್ಟಿದ್ದಳು. ಅವಳು ಬರಲಿಲ್ಲ. ಆ ಸಿಟ್ಟಿಗೆ ಅವನು ಕಾಗದದ ಮೇಲೆ ಅವಳನ್ನು ಕೊಂದ. ಬಸವಕುಮಾರನಿಗೂ ಇದು ಗೊತ್ತಿತ್ತು. "ಹೆಂಡತಿ ಜಗಳಾಡಿ ತವರಿಗೆ ಹೋದ್ಲು ಅಂದ್ರ ಯಾರು ಓದ್ತಾರ್ರಿ? ಸಾಯಲಿ ಬಿಡ್ರಿ" ಎಂದು ಹೇಳಿ, ಮುಖಪುಟದ ಮೇಲೆ 'ನಡೆದದ್ದು ನಡೆದಂತೆ' ಎಂದು ಅಚ್ಚು ಹಾಕಿಸಿದ.

ಪುಸ್ತಕ ಓಡಿತು. ಸಂಡೂರಿನಿಂದ ಒಬ್ಬ ನಿವೃತ್ತ ನರ್ಸ್ ಚಪ್ಪಲಿಯ ತುಂಬ ಕೆಂಪು ಧೂಳು ಹೊತ್ತು ಬಂದು, ಅವನ ಎರಡೂ ಕೈ ಹಿಡಿದು ಅತ್ತು ಹೋದಳು. ದಿನಾ ಯಾರಾದರೊಬ್ಬರು ಬರುತ್ತಿದ್ದರು. ಎರಡು ವರ್ಷ ಈ ಊರಿನಲ್ಲಿ ಯಾರೂ ಅವನ ಕೈ ಮುಟ್ಟಿರಲಿಲ್ಲ. ಅವರು ಎದ್ದು ಹೋದ ಮೇಲೂ ಅವನು ಒದ್ದೆ ಅಂಗೈಯನ್ನು ಒರೆಸಿಕೊಳ್ಳದೆ ಕುಳಿತಿರುತ್ತಿದ್ದ. ಕೋಣೆಯಲ್ಲಿ ಮಾತ್ರ ಎಂಥದೋ ವಾಸನೆ ಶುರುವಾಗಿತ್ತು. ಈಗಷ್ಟೇ ಕಡಿದ ಬಿದಿರು. ಬಾಡಿದ ಚೆಂಡುಹೂ. ಕಿಟಕಿ ತೆರೆದರೂ ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಶ್ರೀವಾಣಿಯ ಫೋನು ಬಂತು. ಅವಳ ದನಿ ಬಾವಿಯ ತಳದಿಂದ ಬಂದಂತಿತ್ತು.

"ಬಸ್ಸಿನ್ಯಾಗ ಕಂಡಕ್ಟರ್ ಟಿಕೆಟ್ ಕೇಳಲಿಲ್ಲ. ಹಾಜರಿ ಕೂಗಿದ್ರ ಹುಡುಗ್ರು ಓ ಅನ್ನಲಿಲ್ಲ. ನಾ ಕುಂತ ಕುರ್ಚಿ ಮ್ಯಾಲ ಇನ್ನೊಬ್ಬ ಮೇಡಂ ಬಂದು ಕುಂತ್ರು. ಏನ್ ಬರದೀರಿ ನೀವು?"

ಚೇಷ್ಟೆ ಮಾಡುತ್ತಿದ್ದಾಳೆಂದು ಬೈಯುತ್ತಲೇ ಅವನು ಕಂಪ್ಲಿಯ ಬಸ್ಸು ಹತ್ತಿದ. ಮಧ್ಯಾಹ್ನದ ಬಿಸಿಲಿಗೆ ಗದ್ದೆಗಳ ಮೇಲೆ ಗಾಳಿ ಕುದಿಯುತ್ತಿತ್ತು. ಶ್ರೀವಾಣಿ ಮನೆಯ ಕಟ್ಟೆಯ ಮೇಲೆ ನಿಂತಿದ್ದಳು. ಪಕ್ಕದ ಮನೆಯ ಸುನಿತಾ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದವಳು ಅವನನ್ನು ಕಂಡು ಎದ್ದಳು.

"ಪುಸ್ತಕದಾಗಿನ ಫೋಟೋ ನೋಡೀನ್ರಿ, ಟೀಚರ್ ಗಂಡ ಅಲ್ಲೇನ್ರಿ ನೀವು? ಓದಿ ಎರಡು ದಿನ ಅನ್ನ ಇಳೀಲಿಲ್ರಿ ನನಗ. ಎಂಥಾ ಟೀಚರ್ ಹೋಗಿಬಿಟ್ರು!"

ಅವರಿಬ್ಬರ ನಡುವೆ, ಒಂದು ಮೊಳ ದೂರದಲ್ಲಿ, ಶ್ರೀವಾಣಿ ನಿಂತಿದ್ದಳು. ಕೈ ಆಡಿಸಿದಳು. ಬಳೆ ಸದ್ದು ಮಾಡಲಿಲ್ಲ. ಬಿಸಿಲಿತ್ತು, ಅವಳ ನೆರಳಿರಲಿಲ್ಲ.

ಪ್ರಭಂಜನ ಶ್ರೀವಾಣಿಯತ್ತ ಕೈ ತೋರಿದ. "ಅದು ಸುಳ್ಳು ತಾಯಿ. ಅವಳು ಬದುಕಿದ್ದಾಳೆ. ಬೈಯಿರಿ ನನ್ನ."

ಸುನಿತಾ ಬಾಯಿಗೆ ಸೆರಗೊತ್ತಿಕೊಂಡು ಇನ್ನಷ್ಟು ಅತ್ತಳು. "ಪಾಪ, ತಲಿ ಕೆಟ್ಟೈತಿ ದುಃಖಕ್ಕ."

ಅವಳು ಅತ್ತಷ್ಟೂ ಶ್ರೀವಾಣಿಯ ಪಾದಗಳು ಮಾಸಿದವು. ಬಿದಿರಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು.

"ನಿಮಗೊಬ್ಬರಿಗೇ ಕಾಣ್ತೀನಿ" ಎಂದಳು ಶ್ರೀವಾಣಿ. "ಓದಿದವರೆಲ್ಲ ಅತ್ತಾರ, ನೀವೊಬ್ಬರು ಅತ್ತಿಲ್ಲಲ್ರಿ. ನಾ ಸತ್ರೂ ಅಳೋದಿಲ್ಲಂತ ಗೊತ್ತಿತ್ತು ಬಿಡ್ರಿ. ಇವತ್ತು ಅದ ಉಪಕಾರ ಆತು."

ಮರುದಿನ ಬೆಳಿಗ್ಗೆ ಹೊಸಪೇಟೆಯ ಸಭಾಭವನದಲ್ಲಿ ಅವನಿಗೆ ಸನ್ಮಾನವಿತ್ತು. ಅತ್ತವರೆಲ್ಲ ಅಲ್ಲಿರುತ್ತಾರೆ. ಅಲ್ಲಿಯೇ ಹೇಳಬೇಕು. ಹೇಳಿದರೆ ಪುಸ್ತಕ ಹೋಗುತ್ತದೆ, ಆ ಕೈಗಳೂ ಹೋಗುತ್ತವೆ. ಹೇಳದಿದ್ದರೆ ಇವಳು ಹೋಗುತ್ತಾಳೆ. ಅವನು ಅವಳನ್ನು ಕರೆದುಕೊಂಡು ಬಂದ. ನಡೆದದ್ದನ್ನು ಚೆನ್ನಬಸಮ್ಮನಿಗೂ ಹೇಳಿದ. ಮುದುಕಿ ಬಂದು ಮೊದಲ ಸಾಲಿನಲ್ಲಿ ಕುಳಿತಳು. ಸುನಿತಾ ಕಂಪ್ಲಿಯಿಂದ ನಾಲ್ಕು ಹೆಂಗಸರೊಂದಿಗೆ ಬಂದಿದ್ದಳು.

ಅವನು ಮಾತಿಗೆ ನಿಂತಾಗ ಕರೆಂಟು ಹೋಯಿತು. ಕಿಟಕಿಗಳಿಗೆ ದಪ್ಪ ಪರದೆ. ಹಾಡುಹಗಲಿನಲ್ಲಿ ಕತ್ತಲೆ ಕವಿಯಿತು. ಮೈಕಿಲ್ಲ. ಫ್ಯಾನಿಲ್ಲ. ನೂರಾರು ಜನರ ಬೆವರು, ಮಲ್ಲಿಗೆ, ಅದರ ಮೇಲೆ ಹಸಿ ಬಿದಿರು.

"ನಾನು ಬರೆದದ್ದು ಸುಳ್ಳು" ಎಂದು ಅವನು ಕೂಗಿದ. "ನನ್ನ ಹೆಂಡತಿ ಸತ್ತಿಲ್ಲ. ಇಲ್ಲೇ ನನ್ನ ಪಕ್ಕದಲ್ಲಿದ್ದಾಳೆ."

ಒಬ್ಬಳು ಬಿಕ್ಕಿದಳು. ಇನ್ನೊಬ್ಬಳು. ಕತ್ತಲೆಯ ತುಂಬ ಅಳು ಹಬ್ಬಿತು. "ಎಂಥಾ ಪ್ರೀತಿ, ಇನ್ನೂ ಪಕ್ಕದಾಗ ಅದಾಳಂತಾನ, ಪಾಪ!" ಎಂದರು ಯಾರೋ. ಪರದೆಯ ಸಂದಿನ ಮಬ್ಬು ಬೆಳಕಿನಲ್ಲಿ ಅವನು ಹೊರಳಿ ನೋಡಿದ. ಶ್ರೀವಾಣಿಯ ಸೊಂಟ ಇರಲಿಲ್ಲ. ಭುಜ ಇರಲಿಲ್ಲ. ಎರಡು ಕಣ್ಣು ಮಾತ್ರ. ಅವು ಅವನನ್ನೇ ನೋಡುತ್ತಿದ್ದವು. ಹೋದಳು ಅಂದುಕೊಂಡ. ಸತ್ತೇಹೋದಳು. ಹುಟ್ಟಿದಂದಿನಿಂದ ಹಾಗೆ ಅತ್ತಿರದವನು ಹೋ ಎಂದು ಅತ್ತ.

"ಬೈಸ್ಕೋ ತಮ್ಮಾ!" ಮುದುಕಿ ಕೆಳಗಿನಿಂದ ಕಿರುಚಿದಳು. "ಅಳಿಸಬ್ಯಾಡ, ಬೈಸ್ಕೋ!"

ಆಗ ಅವನು ಒಳಗಿದ್ದುದನ್ನೆಲ್ಲ ಕಕ್ಕಿದ. "ಅಳಬೇಡಿ! ನಾನು ಸುಳ್ಳುಗಾರ ಅಂತಲೇ ಅವಳು ನನ್ನ ಬಿಟ್ಟದ್ದು. ಬರಲಿಲ್ಲ ಅನ್ನೋ ಸಿಟ್ಟಿಗೆ ಪುಸ್ತಕದಲ್ಲಿ ಕೊಂದೆ. ನೀವು ನನ್ನ ಕೈ ಹಿಡಿದು ಅತ್ತಾಗ ನನಗೆ ಹಿತ ಆಗ್ತಿತ್ತು. ನಾಳೆ ಇನ್ನೂ ಯಾರು ಅಳ್ತಾರೆ ಅಂತ ಕಾಯ್ತಿದ್ದೆ. ಸಂಡೂರಿನ ನರ್ಸಮ್ಮಾ, ನೀವು ಹೋದ ಮೇಲೆ ನಿಮ್ಮ ಅಳುಮುಖ ಮಾಡಿ ತೋರಿಸಿ ನಕ್ಕಿದ್ದೆ. ಈ ಬಸವಕುಮಾರನೂ ನಕ್ಕಿದ್ದ!"

ಅಳು ನಿಂತಿತು. ಒಂದು ಕುರ್ಚಿ ಬಿತ್ತು.

"ಥೂ ನಿನ್ನ ಜನ್ಮಕ್ಕ!" ನರ್ಸಮ್ಮನ ದನಿ. "ಗಂಡನ್ನ ಕಳಕೊಂಡಾಕಿ ನಾನು, ನನ್ನ ದುಃಖ ನಿನ್ನ ಮುಂದ ಬಿಚ್ಚಿಟ್ಟಿದ್ನೆಲ್ಲೋ!"

ಆಮೇಲೆ ಬೈಗುಳದ ಮಳೆ. ಚಪ್ಪಲಿ ಬಂತು. ಇನ್ನೊಂದು ಬಂತು. ಸುನಿತಾ ಅವನ ಅಪ್ಪ ಅಮ್ಮನನ್ನೂ ಬಿಡಲಿಲ್ಲ. ಫಕ್ಕನೆ ಕರೆಂಟು ಬಂತು. ಸುನಿತಾ ಅರ್ಧಕ್ಕೇ ಬಾಯಿ ತೆರೆದು ನಿಂತಳು.

"ಅಯ್ಯಯ್ಯಪ್ಪಾ! ಟೀಚರ್! ಅಲ್ಲೇ ನಿಂತಾರ ನೋಡ್ರೇ!"

ಹೆಂಗಸರು ವೇದಿಕೆಗೆ ನುಗ್ಗಿದರು. ಯಾರದೋ ಕೈ ಹಿಡಿದರು, ಯಾರದೋ ಕೆನ್ನೆ ಸವರಿದರು. ನಗುತ್ತಿದ್ದರು. ಬಿದಿರಿನ ವಾಸನೆ ಎಲ್ಲೂ ಇರಲಿಲ್ಲ. ಪ್ರಭಂಜನ ಆ ಗುಂಪಿನ ನಡುವೆ ಕಣ್ಣು ಹಾಯಿಸಿದ. ಮತ್ತೆ ಹಾಯಿಸಿದ. ಅವರ ತೋಳುಗಳ ನಡುವೆ ಬರೀ ಗಾಳಿ.

"ಎಲ್ಲಿ? ಎಲ್ಲಿದ್ದಾಳೆ?"

"ಎದುರಿಗೇ ಅದಾರಲ್ರಿ!" ಎಂದ ಬಸವಕುಮಾರ.

ಚೆನ್ನಬಸಮ್ಮ ಮೆಲ್ಲಗೆ ವೇದಿಕೆಯ ಅಂಚಿಗೆ ಬಂದಳು. "ತಮ್ಮಾ, ನೀನೂ ಅತ್ತೇನು?"

ಅವನು ಹೌದೆಂದು ತಲೆಯಾಡಿಸಿದ.

"ಅವರ ಅಳು ಅವರು ಬೈದು ವಾಪಸ್ ತಗೊಂಡ್ರು. ನಿನಗ ಸುಳ್ಳು ಹೇಳಿದಾಂವ ನೀನ ಅಲ್ಲೇನೋ, ನೀ ಯಾರನ್ನ ಬೈತಿ?"

ಅವನು ತನ್ನನ್ನು ತಾನೇ ಬೈದುಕೊಂಡ. ಮೂಳ ಎಂದ, ಪಾಪಿ ಎಂದ, ಬಾಯಿ ಒಣಗುವ ತನಕ ಬೈದುಕೊಂಡ. ಗಾಳಿ ಗಾಳಿಯಾಗಿಯೇ ಇತ್ತು. ಕೈ ಚಾಚಿದ. "ಶ್ರೀವಾಣಿ, ನಿಜ ಹೇಳಿದೆನಲ್ಲ! ಬಾ!"

ಸಭೆ ಒಮ್ಮೆಲೆ ಉಸಿರೆಳೆದುಕೊಂಡಿತು. ಸುನಿತಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಏನಾಯ್ತು?" ಎಂದ ಪ್ರಭಂಜನ.

"ಟೀಚರ್ ಹೊಡದ್ರಲ್ರಿ ನಿಮಗ" ಎಂದಳು ಸುನಿತಾ. "ಕೆನ್ನಿ ಮ್ಯಾಲ ಐದೂ ಬೆರಳು ಮೂಡ್ಯಾವ."

ಅವನು ಕೆನ್ನೆ ಮುಟ್ಟಿ ನೋಡಿಕೊಂಡ. ಉರಿ ಇರಲಿಲ್ಲ. ನೋವಿರಲಿಲ್ಲ. ಇನ್ನೊಂದು ಬೀಳಲಿ ಎಂದು ಮುಖವನ್ನು ಮುಂದೆ ಚಾಚಿ ನಿಂತೇ ಇದ್ದ.

"ಸಾಕು ಬರ್ರಿ" ಎಂದು ಬಸವಕುಮಾರ ತೋಳು ಹಿಡಿದ. "ಅವರು ಆಗಲೇ ಹೋದ್ರು."