ಕನ್ನಡಿಗೆ ಹಚ್ಚಿದ ಟಿಕಳಿ

"ಏನ್ರೀ ಇದು? ನನ್ನ ಹಿಂದ ಹಿಂದನ ತಿರಗಾಕತ್ತೈತಿ!"

ಸೀರೆಯ ಕಟ್ಟು ಹಿಡಿದಿದ್ದ ಭವಾನಿ ನಿಂತಲ್ಲೇ ನಿಂತಳು. ಎಡಕ್ಕೆ ಒಂದು ಹೆಜ್ಜೆ ಇಟ್ಟಳು. ಗೋಡೆಯ ಮೇಲಿನ ಹೊಸ ಕ್ಯಾಮೆರಾ ಎಡಕ್ಕೆ ತಿರುಗಿತು. ಬಲಕ್ಕೆ ಬಂದಳು. ಅದೂ ಬಲಕ್ಕೆ ಬಂತು!

ಏಣಿಯ ಮೇಲಿದ್ದ ಹುಡುಗನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಇಳಕಲ್ ಸೀರೆಗಳ ಮೇಲೆ ಬಿತ್ತು.

"ಹೆದರಬ್ಯಾಡ್ರಿ... ಕಳ್ಳರನ್ನ ಹಿಡಿಯೋ ಕ್ಯಾಮೆರಾರಿ ಅದು."

"ಹಂಗಾರ ನಾ ಕಳ್ಳಿ ಏನ್ರಿ?"

ಅವನು ಕೆಳಗಿಳಿಯತೊಡಗಿದ. ಅವಳನ್ನೇ ನೋಡುತ್ತಾ ಏಣಿಯ ಕೊನೆಯ ಮೆಟ್ಟಿಲು ತಪ್ಪಿದ! ಭವಾನಿಗೆ ನಗು ಬಂತು. ಆ ಅಂಗಡಿಯಲ್ಲಿ ಅವಳು ನಕ್ಕು ಎಷ್ಟು ಕಾಲವಾಗಿತ್ತೋ...

ಗಂಗಾವತಿಯ ಆ ಸೀರೆ ಅಂಗಡಿ ಅವಳ ಅಣ್ಣ ಬಸವಕುಮಾರನದು. ಭವಾನಿ ಕೊಪ್ಪಳದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಅಣ್ಣ ತಂದ ಸಂಬಂಧವನ್ನು "ಒಲ್ಲೆ" ಎಂದದ್ದೇ ತಪ್ಪಾಯಿತು. ಶಾಲೆ ಬಿಡಿಸಿದ. ಮೊಬೈಲ್ ಕಿತ್ತುಕೊಂಡ. ಕಣ್ಣೆದುರಿಗೇ ಇರಲಿ ಎಂದು ಅಂಗಡಿಯಲ್ಲಿ ಕೂರಿಸಿದ. ತಾಯಿ ತಂದೆ ಇಲ್ಲದ ತಂಗಿಯನ್ನು ಕಾಯುತ್ತಿದ್ದೇನೆ ಎಂದೇ ಅವನು ನಂಬಿದ್ದ. ಕಾಯುವುದು ಬೇರೆ, ಕಟ್ಟಿಹಾಕುವುದು ಬೇರೆ ಎಂದು ಅವನಿಗೆ ಹೇಳುವವರಾರು?

ಕ್ಯಾಮೆರಾ ಹುಡುಗನ ಹೆಸರು ಗಾಳೇಶ. ಕುಷ್ಟಗಿ ಕಡೆಯವನು. ಬಸ್ ನಿಲ್ದಾಣದ ಹತ್ತಿರ ಸಣ್ಣ ಅಂಗಡಿ ಇಟ್ಟಿದ್ದ. ವೈರ್ ಸಡಿಲಾಗಿದೆ, ನೆಟ್ ಬರುತ್ತಿಲ್ಲ ಎಂದು ನೆಪ ಹೇಳಿ ಮತ್ತೆ ಮತ್ತೆ ಬಂದ. ಬಂದಾಗಲೆಲ್ಲ ಅವಳ ಶಾಲೆಯ ಮಕ್ಕಳ ಬಗ್ಗೆ ಕೇಳುತ್ತಿದ್ದ. ಅವಳಿಗೊಂದು ಬದುಕು ಇತ್ತು ಎಂಬುದನ್ನು ಇವನೊಬ್ಬ ನೆನಪಿಟ್ಟುಕೊಂಡಿದ್ದ!

'ಇವತ್ತೂ ವೈರ್ ಸಡಿಲಾಗಲಿ ದೇವರೇ...' ಎಂದು ಭವಾನಿ ಬೇಡಿಕೊಳ್ಳುವ ಮಟ್ಟಕ್ಕೆ ಬಂದಳು.

ಆ ಸುಖಕ್ಕೂ ದೃಷ್ಟಿ ತಾಗಿತು.

ಒಂದು ದಿನ ಅವನು ಕೌಂಟರ್ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಚಹಾ ಕುಡಿಯುತ್ತಿದ್ದ. ಭವಾನಿ ಸುಮ್ಮನೆ ಇಣುಕಿದಳು. ತೆರೆಯ ಮೇಲೆ ಅವಳದೇ ಮುಖ! ಹಣೆಯ ದೊಡ್ಡ ಕೆಂಪು ಟಿಕಳಿಯ ಸುತ್ತ ಒಂದು ಹಸಿರು ಉಂಗುರ. ಅವಳು ಕತ್ತು ಹೊರಳಿಸಿದರೆ ಉಂಗುರವೂ ಹೊರಳಿತು.

"ಏನ್ರಿ ಇದು?"

ಗಾಳೇಶನ ಮುಖ ಬಿಳಿಚಿಕೊಂಡಿತು. "ಅದು... ಕೆಂಪಂದು, ದುಂಡಂದು ಎಲ್ಲೈತಿ ಅಂತ ಹುಡುಕತೈತ್ರಿ. ಸಿಕ್ಕರ ಅದರ ಹಿಂದ ಹೋಗತೈತಿ. ಕಾಣಲಿಲ್ಲಂದ್ರ ನಿಮ್ಮಣ್ಣಾರ ಫೋನ್ ಕೂಗತೈತಿ."

ಅಂದರೆ ಕಳ್ಳರಿಗಲ್ಲ... ಅವಳಿಗೇ!

ಅಮ್ಮ ಹಚ್ಚಿಕೊಳ್ಳುತ್ತಿದ್ದಷ್ಟೇ ದೊಡ್ಡ ಟಿಕಳಿ ಅದು. ಅಮ್ಮ ಹೋದ ಮೇಲೆ ಭವಾನಿ ಅದನ್ನು ಬಿಟ್ಟಿರಲಿಲ್ಲ. ಅದನ್ನೇ ಬೇಡಿ ಮಾಡಿದನಲ್ಲ ಇವನು!

"ನನ್ನ ಜೋಡಿ ನಕ್ಕೋಂತ, ಮಾತಾಡ್ಕೋಂತ... ನನ್ನ ಹಣಿಗೇ ಬೀಗ ಹಾಕಿದ್ರಿ?" ಅವಳ ಧ್ವನಿ ಒಡೆಯಿತು.

ಅಷ್ಟರಲ್ಲಿ ಬಸವಕುಮಾರ ಒಳಗೆ ಬಂದ. ಗಾಳೇಶ ಬಾಯಿಗೆ ಬಂದ ಮಾತು ನುಂಗಿ, ಲ್ಯಾಪ್‌ಟಾಪ್ ಮಡಚುತ್ತಾ ಮೆಲ್ಲಗೆ ಕೇಳಿದ:

"ಮಾರಿ ತೊಳಕೊಳ್ಳೋ ಮುಂದ ಹೆಣ್ಮಕ್ಕಳು ಟಿಕಳಿ ಎಲ್ಲಿ ಹಚ್ಚಿಡ್ತಾರ್ರಿ?"

ಇಂಥ ಹೊತ್ತಿನಲ್ಲಿ ಇದೆಂಥ ಪ್ರಶ್ನೆ! ಭವಾನಿಗೆ ಮೈಯೆಲ್ಲ ಉರಿಯಿತು. "ಇನ್ನ ಮ್ಯಾಲ ಈ ಅಂಗಡಿ ಮೆಟ್ಟಲ ಹತ್ತಬ್ಯಾಡ್ರಿ!"

ಅವನು ಹತ್ತಲಿಲ್ಲ. ವೈರ್ ಕೂಡ ಸಡಿಲಾಗಲಿಲ್ಲ.

ಆಮೇಲಿನ ದಿನಗಳು ಒಂದೇ ತರಹ. ಅವಳು ಎದ್ದರೆ ಕ್ಯಾಮೆರಾ ಏಳುತ್ತಿತ್ತು, ಬಗ್ಗಿದರೆ ಬಗ್ಗುತ್ತಿತ್ತು. ಒಮ್ಮೆ ಸಿಟ್ಟಿನಲ್ಲಿ ಟಿಕಳಿ ಕಿತ್ತು ಮುಷ್ಟಿಯಲ್ಲಿ ಮುಚ್ಚಿದಳು. ತಕ್ಷಣ ಅಂಗಡಿಯ ಫೋನ್ ಮೊಳಗಿತು.

"ತಂಗೀ, ಎಲ್ಲಿ ಹೋದಿ? ಹಣಿ ಯಾಕ ಬರಿದು ಮಾಡ್ಕೊಂಡಿ? ಹಚ್ಕೊ ಮೊದಲ!"

ಹಚ್ಚಿಕೊಂಡಳು. ಸೀರೆ ಮಡಚುತ್ತಾ ಅತ್ತಳು. 'ಅವ್ವಾ, ನಿನ್ನ ಟಿಕಳಿನ ನನ್ನ ಹಿಡ್ಕೊಟ್ಟಿತಲ್ಲ...'

ಅದೊಂದು ಮಧ್ಯಾಹ್ನ ಸೆಕೆ ವಿಪರೀತ. ಬಸವಕುಮಾರ ಹೊಸಪೇಟೆಗೆ ಹೋಗಿದ್ದ. ಮುಖ ತೊಳೆಯಲು ಎದ್ದ ಭವಾನಿ ಮನೆಯ ರೂಢಿಯಂತೆ ಟಿಕಳಿ ತೆಗೆದು, ಗಿರಾಕಿಗಳು ಸೀರೆ ಹಿಡಿದು ನೋಡುವ ಕನ್ನಡಿಗೆ ಅಂಟಿಸಿದಳು. ತೊಳೆದು ಬಂದಳು.

ಅಂಗಡಿಯ ಫೋನ್ ಸುಮ್ಮನಿತ್ತು.

ತಲೆ ಎತ್ತಿದಳು. ಕ್ಯಾಮೆರಾ ಕನ್ನಡಿಯನ್ನೇ ನೋಡುತ್ತಿತ್ತು! ಅವಳು ಎಡಕ್ಕೆ ಹೋದಳು. ಅದು ಅಲುಗಲಿಲ್ಲ. ಬಾಗಿಲವರೆಗೆ ಹೋದಳು. ಅಲುಗಲಿಲ್ಲ!

'ಟಿಕಳಿ ಎಲ್ಲಿ ಹಚ್ಚಿಡ್ತಾರ್ರಿ?'

ಅಯ್ಯೋ... ಅವನು ಬೀಗ ಹಾಕಿರಲಿಲ್ಲ. ಕೀಲಿಯನ್ನು ಅವಳ ಕೈಗೇ ಕೊಟ್ಟುಹೋಗಿದ್ದ. ತಾನೇ ಅವನನ್ನು ಬೈದು ಕಳಿಸಿದ್ದಳು!

"ಹುಲಿಗವ್ವಾ, ಅಂಗಡಿ ನೋಡ್ಕೋತೀ?"

ಕೆಲಸದ ಮುದುಕಿ ಹುಲಿಗವ್ವ ಕನ್ನಡಿ ನೋಡಿದಳು, ಕ್ಯಾಮೆರಾ ನೋಡಿದಳು. "ಹೋಗಿ ಬಾರವ್ವ. ನಾ ಏನೂ ಕಂಡಿಲ್ಲ, ನನ್ನ ಕಣ್ಣೂ ಆ ಕ್ಯಾಮೆರಾದಂಗ ಅದಾವು."

ಭವಾನಿ ಅಂಗಡಿಯ ಮುಂಬಾಗಿಲಿನಿಂದಲೇ ಇಳಿದು, ಉರಿಬಿಸಿಲಲ್ಲಿ ನಡೆದು ಬಸ್ ನಿಲ್ದಾಣ ಮುಟ್ಟಿದಳು. ಗಾಳೇಶ ತಲೆ ಎತ್ತಿ ದಂಗಾದ.

"ನಿಮ್ಮ ಹಣಿ ಬರಿದೈತ್ರಿ..."

"ಕನ್ನಡಿಗೆ ಕೊಟ್ಟು ಬಂದೀನಿ."

ಇಬ್ಬರ ಕಣ್ಣಲ್ಲೂ ನೀರು.

"ನಿಮ್ಮಣ್ಣಾರು ಕ್ಯಾಮೆರಾ ನಿಮ್ಮ ಮಾರಿನ ಹಿಡೀಬೇಕು ಅಂದಿದ್ರು. ನಾ ಒಲ್ಲೆ ಅಂದ್ರ ಇನ್ನೊಬ್ಬ ಬಂದು ಹಿಡೀತಿದ್ದ. ಮಾರಿ ತಗದಿಡಾಕ ಬರಂಗಿಲ್ಲಲ್ರಿ... ಟಿಕಳಿ ತಗದಿಡಬಹುದು. ಆದ್ರ ಮೊದಲ ದಿನಾನ ಸುಳ್ಳು ಹೇಳಿದ್ದು ತಪ್ಪಾತು."

"ಇಷ್ಟ್ಯಾಕ ಮಾಡಿದ್ರಿ ನನಗ?"

"ಏಣಿ ಮ್ಯಾಲಿಂದ ನಿಮ್ಮನ್ನ ನೋಡಿದ ದಿನಾನ ಮನಸು ಕೊಟ್ಟೀನ್ರಿ. ಹೇಳಾಕ ಧೈರ್ಯ ಇದ್ದಿದ್ದಿಲ್ಲ."

ಭವಾನಿ ಕಣ್ಣೊರೆಸಿಕೊಂಡು ಕೈ ಚಾಚಿದಳು. "ಫೋನ್ ಕೊಡ್ರಿ."

ಆ ಕಡೆ ಬಸವಕುಮಾರ: "ಹೇಳೋ ಗಾಳೇಶ."

"ಅಣ್ಣಾ, ನಾನು. ಅಂಗಡ್ಯಾಗಿಲ್ಲ ನಾನು."

"ಸುಳ್ಳ ಹೇಳಬ್ಯಾಡ! ನನ್ನ ಫೋನ್ ಕೂಗಿಲ್ಲ."

"ನೀ ನೋಡಾಕತ್ತಿದ್ದು ನನ್ನನ್ನಲ್ಲಣ್ಣ, ಟಿಕಳಿನ. ಇಷ್ಟ ದಿನಾನೂ ಅದನ್ನ ನೋಡೀದಿ. ನಾಳಿಂದ ನಾ ಸಾಲಿಗೆ ಹೊಂಟೀನಿ. ಇವತ್ತ ಸಂಜಿಗೆ ಗಾಳೇಶ ನಿನ್ನ ಜೋಡಿ ಮಾತಾಡಾಕ ಮನಿಗೆ ಬರ್ತಾರ. ಕದ್ದು ಓಡಿ ಹೋಗಾಕ ಬರತಿತ್ತು ಅಣ್ಣ... ಹೇಳಿ ಹೋಗಾಕತ್ತೀನಿ."

ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು.

"...ಅವ್ವನಂಗನ ಮಾತಾಡ್ತಿ ನೀನು. ಸಂಜಿಗೆ ಕರ್ಕೊಂಡ ಬಾ, ನೋಡೋಣ."

ಫೋನ್ ಮರಳಿಸಲು ಅವಳು ಕೈ ಚಾಚಿದಳು. ಗಾಳೇಶ ಆ ಕೈ ಹಿಡಿದುಕೊಂಡ.

"ಬರಿ ಹಣೀಲೆ ಮನಿಗೆ ಹೋಗಬ್ಯಾಡ್ರಿ. ಉದ್ದಂದು ಟಿಕಳಿ ತರ್ಲೇನ್ರಿ? ಅದು ಕ್ಯಾಮೆರಾಕ್ಕ ತಿಳಿಯಂಗಿಲ್ಲ."

"ದುಂಡಂದ ತರ್ರಿ. ನಮ್ಮವ್ವನಷ್ಟ ದೊಡ್ಡದು. ಟಿಕಳಿ ಯಾಕ ಬದಲಾಗಬೇಕು? ಕ್ಯಾಮೆರಾ ಕೀಳ್ರಿ!"

"ಆತ್ರಿ... ಏಣಿ ತರ್ತೀನಿ."

"ಈ ಸಲ ನನ್ನ ನೋಡ್ಕೋಂತ ಬೀಳಬ್ಯಾಡ್ರಿ ಮತ್ತ!"

"ಅದೊಂದ ಮಾತು ಕೊಡಾಕಾಗಂಗಿಲ್ಲ, ಭವಾನಿ..."