ಒಡಪಿಲ್ಲದ ಮೂವತ್ತೊಂದು ವರ್ಷ

"ಪೇಷಂಟ್ ಹೆಸರು?"

ಮಿರಜದ ದೊಡ್ಡ ದವಾಖಾನೆಯ ಕಿಟಕಿಯೊಳಗಿಂದ ಗುಮಾಸ್ತ ಎರಡನೇ ಸಲ ಕೇಳಿದ. ಶಿವಗಂಗವ್ವ ಸುಮ್ಮನೆ ನಿಂತಿದ್ದಳು.

ಊರು ಕೇಳಿದಾಗ ಕಾಗವಾಡ ಎಂದಿದ್ದಳು. ಪೇಷಂಟಿನ ವಯಸ್ಸು ಅರವತ್ತೈದು ಎಂದಿದ್ದಳು. ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವ ಚಾಟಣಿ ಮಾಡಿಸುತ್ತ ನಿಂತಿದ್ದವರು ಕತ್ತರಿ ಹಿಡಿದಂತೆಯೇ ಸಾಲಿನ ನಡುವೆ ಬಿದ್ದುಬಿಟ್ಟರು ಎಂದು, ಕೇಳದಿದ್ದನ್ನೂ ಹೇಳಿದ್ದಳು. ಗಂಡನ ಹೆಸರಿನ ಹತ್ತಿರ ಬಂದಾಗ ಮಾತ್ರ ನಾಲಿಗೆ ನಿಂತುಹೋಯಿತು.

"ಹಂಪ್ಯಾಗಿನ ದೇವರ ಹೆಸರರಿ..." ಎಂದಳು ಮೆಲ್ಲಗೆ.

ಗುಮಾಸ್ತ ಮರಾಠಿಯವನು, ಕನ್ನಡ ಅಷ್ಟಕ್ಕಷ್ಟೇ. ಹಂಪಿಯ ದೇವರ ಹೆಸರು ಅವನಿಗೇನು ಗೊತ್ತು? ಹಿಂದೆ ಸಾಲು ಬೆಳೆಯುತ್ತಿತ್ತು, ಜನ ಗೊಣಗತೊಡಗಿದ್ದರು.

ಬೆಂಚಿನಿಂದ ಎದ್ದು, ಗೋಡೆ ಹಿಡಿದು, ಏದುಸಿರು ಬಿಡುತ್ತ ಗಂಡನೇ ಬಂದ. ಕಿಟಕಿಗೆ ಬಾಗಿ, ವಿರುಪಾಕ್ಷಪ್ಪ ಎಂದು ತನ್ನ ಹೆಸರನ್ನು ತಾನೇ ಬರೆಸಿದ. ಆಮೇಲೆ ಯಾರ ಮುಖವನ್ನೂ ನೋಡದೆ ಒಂದು ಮಾತು ಸೇರಿಸಿದ.

"ಅಕಿ ಹೇಳಾಂಗಿಲ್ರಿ. ಮದಿವ್ಯಾದ ದಿನಾನೂ ಹೇಳಲಿಲ್ಲ."

ಶಿವಗಂಗವ್ವ ತಿರುಗಿ ಅವನನ್ನು ನೋಡಿದಳು. ಮೂವತ್ತೊಂದು ವರ್ಷ... ಇಷ್ಟು ದಿನ ಈ ಮಾತನ್ನು ಒಳಗೇ ಇಟ್ಟುಕೊಂಡಿದ್ದನೇ ಈ ಮನುಷ್ಯ?

ಗಂಡನ ಹೆಸರು ಹೇಳದಿರುವುದೇನೂ ದೊಡ್ಡ ಸಂಗತಿಯಲ್ಲ. ಈ ಕಡೆ ಆ ಕಾಲದ ಹೆಣ್ಣುಮಕ್ಕಳು ಯಾರೂ ಹೇಳುತ್ತಿರಲಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆ. ಆದರೆ ಅದಕ್ಕೂ ಒಂದು ರಿಯಾಯಿತಿ ಇತ್ತು. ಮದುವೆಯ ದಿನ ಹೊಸ್ತಿಲು ತುಳಿಯುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು "ಒಡಪು ಹಚ್ಚಿ ಹೆಸರು ಹೇಳು, ಒಳಗೆ ಬಿಡುತ್ತೇವೆ" ಎನ್ನುತ್ತಾರೆ. ಎರಡು ಸಾಲಿನ ಪದ್ಯ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಬೇಕು. ಮುಂದೆ ಹಬ್ಬ ಹುಣ್ಣಿಮೆಗೆ, ಸೀಮಂತಕ್ಕೆ, ಕೇಳಿದಾಗಲೆಲ್ಲ ಹೇಳಬಹುದು. ಅಲ್ಲಿ ಹೇಳಿದ ಹೆಸರು ಆಯುಷ್ಯಕ್ಕೆ ಲೆಕ್ಕವಿಲ್ಲ. ನಾಚುತ್ತ, ನಗುತ್ತ ಎಲ್ಲರೂ ಹೇಳುತ್ತಾರೆ.

ಶಿವಗಂಗವ್ವ ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

ಅವಳು ಅಥಣಿ ಕಡೆಯ ಅನಂತಪುರದ ಬಡ ಮನೆಯ ಹುಡುಗಿ. ಇಪ್ಪತ್ತೆರಡು ವರ್ಷ. ಅವನು ಮೂವತ್ತನಾಲ್ಕರ ವಿಧುರ. ಮೊದಲ ಹೆಂಡತಿ ಕಾಳವ್ವ ಜ್ವರದಲ್ಲಿ ತೀರಿಕೊಂಡು ವರ್ಷವಾಗಿತ್ತು, ಮೂರು ವರ್ಷದ ಮಗ ಬಾಬಾಸಾಹೇಬ ಇದ್ದ. ಯಡೂರಿನ ವೀರಭದ್ರನ ಗುಡಿಯಲ್ಲಿ ಮದುವೆ ಮುಗಿಸಿ ಕಾಗವಾಡಕ್ಕೆ ಬಂದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಹುಡುಗಿ ಎಂಟು ದಿನದಿಂದ ಒಡಪು ಕಟ್ಟಿ, ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಗುಡಿಯಲ್ಲಿ ಅವನ ಮುಖ ನೋಡಿದ ಮೇಲಂತೂ ಅದನ್ನು ಹೇಳುವ ಆಸೆ ಇನ್ನೂ ಹೆಚ್ಚಾಗಿತ್ತು.

ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನ ಮೂಲೆ ಕಣ್ಣಿಗೆ ಬಿತ್ತು.

ಅಲ್ಲಿ ಕೆಂಚವ್ವ ನಿಂತಿದ್ದಳು. ಕಾಳವ್ವನ ತಾಯಿ. ಮಗಳು ಹೋದ ಮೇಲೆ ಬೇರೆ ದಿಕ್ಕಿಲ್ಲದೆ ಅಳಿಯನ ಮನೆಯಲ್ಲೇ ಉಳಿದಿದ್ದ ಮುದುಕಿ. ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಶುಭದ ಹೊತ್ತಿನಲ್ಲಿ ಅಳಬಾರದೆಂದು ತುಟಿ ಕಚ್ಚಿಕೊಂಡು ನಿಂತಿದ್ದಳು. ಇದೇ ಹೊಸ್ತಿಲಿನಲ್ಲಿ ಅವಳ ಮಗಳೂ ಒಮ್ಮೆ ಇದೇ ಹೆಸರನ್ನು ಹೇಳಿ ಒಳಗೆ ಬಂದಿದ್ದಳಲ್ಲವೇ?

ಶಿವಗಂಗವ್ವ ಒಡಪನ್ನು ನುಂಗಿ ತಲೆ ತಗ್ಗಿಸಿದಳು.

ಹುಡುಗಿಗೆ ನಾಚಿಕೆ ಎಂದು ಹೆಂಗಸರು ನಕ್ಕು ದಾರಿ ಬಿಟ್ಟರು. ಪಕ್ಕದಲ್ಲಿದ್ದ ಮದುಮಗ ಮಾತ್ರ ನಗಲಿಲ್ಲ. ಎರಡನೇ ಸಂಬಂಧಕ್ಕೆ, ಬಡತನಕ್ಕೆ ಕೊಟ್ಟ ಹುಡುಗಿ; ಇವಳಿಗೆ ಮನಸ್ಸಿಲ್ಲ ಎಂದು ಅವನು ಅಲ್ಲೇ ತೀರ್ಮಾನ ಮಾಡಿಬಿಟ್ಟ.

ಕೆಟ್ಟ ಗಂಡಸಾಗಿದ್ದರೆ ಅಂದೇ ಜಗಳ ತೆಗೆದು ಕೇಳುತ್ತಿದ್ದ, ಅಂದೇ ಬಗೆಹರಿಯುತ್ತಿತ್ತು. ಇವನು ಒಳ್ಳೆಯವನು, ಅದೇ ತೊಂದರೆಯಾಯಿತು. ಮನಸ್ಸಿಲ್ಲದವಳನ್ನು ಕಾಡಬಾರದೆಂದು ಹಾಸಿಗೆಯನ್ನು ಹೊರಗಿನ ಪಡಸಾಲೆಗೆ ತಂದುಕೊಂಡ. ಒಂದು ದಿನ ಗದರಲಿಲ್ಲ. ಪ್ರತಿ ಯುಗಾದಿಗೆ ಸೀರೆ ತಂದ, ಕೆಂಚವ್ವನ ಕೈಯಲ್ಲಿ ಕೊಡಿಸಿದ. ಇವಳೋ, ಅವರ ಮನಸ್ಸಿನಲ್ಲಿ ಇನ್ನೂ ಕಾಳವ್ವನೇ ಇದ್ದಾಳೆ, ನನಗೆ ಜಾಗವಿಲ್ಲ ಎಂದುಕೊಂಡು ಬಾಬಾಸಾಹೇಬನನ್ನು ಮಗ್ಗುಲಲ್ಲಿ ಹಾಕಿಕೊಂಡು ಒಳಗೆ ಮಲಗಿದಳು. ಬಾಬಾಸಾಹೇಬ ದೊಡ್ಡವನಾದ, ಅವನಿಗೂ ಮಕ್ಕಳಾದವು. ಅವನು ಅವ್ವಾ ಎಂದು ಕರೆದದ್ದು ಇವಳೊಬ್ಬಳನ್ನೇ. ಇವಳ ಹೊಟ್ಟೆಯಲ್ಲಿ ಮಾತ್ರ ಏನೂ ಹುಟ್ಟಲಿಲ್ಲ. ಹೇಗೆ ಹುಟ್ಟೀತು?

ಹಬ್ಬದಲ್ಲಿ ಹೆಂಗಸರು ಒಡಪು ಕೇಳಿದಾಗಲೆಲ್ಲ ಕೆಂಚವ್ವ ಅಲ್ಲೇ ಕೂತಿರುತ್ತಿದ್ದಳು. ಒಲೆಯ ಮೇಲೆ ಹಾಲಿದೆ ಎಂದು ಶಿವಗಂಗವ್ವ ಎದ್ದುಹೋಗುತ್ತಿದ್ದಳು. ಪಡಸಾಲೆಯಲ್ಲಿ ಕೂತವನು ಅದನ್ನು ನೋಡಿ ಮುಖ ತಿರುಗಿಸುತ್ತಿದ್ದ. ಹೀಗೇ ತೊಂಬತ್ತನಾಲ್ಕನೆಯ ಇಸವಿ ಬಂತು.

ದವಾಖಾನೆಯಲ್ಲಿ ತಪಾಸಣೆಗಳೆಲ್ಲ ಮುಗಿದ ಮೇಲೆ ಡಾಕ್ಟರು ತಾಯಿ ಮಗನನ್ನು ಕೂರಿಸಿಕೊಂಡು ವಿವರಿಸಿದರು. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳದ ಬಾಯಲ್ಲಿ ಒಂದು ಕವಾಟ ಇರುತ್ತದೆ, ಅದು ಸುಣ್ಣಗಟ್ಟಿ ಬಿಗಿದಿದೆ. ಎದೆ ತೆರೆದು, ಹೃದಯ ನಿಲ್ಲಿಸಿ, ಮಷಿನ್ನಿನಿಂದ ರಕ್ತ ಓಡಿಸುತ್ತ ಹೊಸ ಕವಾಟ ಹೊಲಿಯಬೇಕು. ಬಿಟ್ಟರೆ ಒಂದೆರಡು ವರ್ಷ. ಮಾಡಿದರೂ, ಈ ವಯಸ್ಸಿಗೆ, ಹತ್ತರಲ್ಲಿ ಒಬ್ಬರು ಉಳಿಯದೆ ಹೋಗಬಹುದು.

ಹೃದಯ ನಿಲ್ಲಿಸುವುದು ಎಂಬ ಮಾತಾದ ಮೇಲೆ ಶಿವಗಂಗವ್ವನಿಗೆ ಏನೂ ಕೇಳಿಸಲಿಲ್ಲ.

ಆಪರೇಷನ್ನಿನ ದಿನ ಬೆಳಿಗ್ಗೆ ನರ್ಸ್ ಸುಗಂಧಾ ಬಂದು, ಮೈಮೇಲೆ ಏನೂ ಇರಬಾರದು ಎಂದು ತಿಳಿಸಿದಳು. ಅಥಣಿ ಕಡೆಯ ಹುಡುಗಿ, ಕನ್ನಡದವಳು. ವಿರುಪಾಕ್ಷಪ್ಪ ಕೊರಳಿನ ಲಿಂಗವನ್ನು ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟ. ಹುಟ್ಟಿದಾಗ ಕಟ್ಟಿದ್ದು, ಯಾರ ಕೈಗೂ ಕೊಟ್ಟದ್ದಲ್ಲ. ಅವನ ಬೆರಳು ಅವಳ ಅಂಗೈಯನ್ನು ಮುಟ್ಟಿ ಒಂದು ಗಳಿಗೆ ಹಾಗೇ ನಿಂತಿತು.

"ನಾ ಹೊಳ್ಳಿ ಬರಲಿಲ್ಲಂದ್ರ..." ಎಂದ. "ನಿನ್ನ ಅಣ್ಣಗ ಕಾಗದ ಬರಸೇನಿ. ಮನಸ್ಸಿಲ್ಲದ ಮನ್ಯಾಗ ಮೂವತ್ತೊಂದು ವರ್ಷ ತಗದಿ. ಇನ್ನರ ನಿನ್ನ ಮನಸ್ಸು ಬಂದಲ್ಲಿ ಇರು. ಬಾಬ್ಯಾ ಏನೂ ಅನ್ನಾಂಗಿಲ್ಲ."

ಮನಸ್ಸಿಲ್ಲದ ಮನೆಯೇ? ಇಲ್ಲ ಎನ್ನಬೇಕು, ಈಗಲೇ ಹೇಳಬೇಕು ಎಂದು ಮಾತು ಹುಡುಕುವಷ್ಟರಲ್ಲಿ ಸ್ಟ್ರೆಚರ್ ತಂದರು. ಅವನನ್ನು ಮಲಗಿಸಿಕೊಂಡು ಹೋದರು. ಬಾಗಿಲು ಮುಚ್ಚಿಕೊಂಡಿತು.

ಐದು ತಾಸು ಅವಳು ಆ ಬಾಗಿಲ ಮುಂದೆ ನೆಲದ ಮೇಲೆ ಕೂತಳು. ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಒಂದೇ ಬೇಡಿಕೆ ಬೇಡಿದಳು. ದೇವರೇ, ಅವರನ್ನು ಆ ಸುಳ್ಳಿನ ಜೊತೆ ಕಳಿಸಬೇಡ. ಒಂದೇ ಒಂದು ಸಲ ನನ್ನ ಮಾತು ಅವರ ಕಿವಿಗೆ ಬೀಳಲಿ...

ಆಪರೇಷನ್ ಚೆನ್ನಾಗಿಯೇ ಆಯಿತು. ಹೃದಯ ತಾನಾಗಿ ಬಡಿಯತೊಡಗಿತು. ಮರುದಿನ ಬೆಳಗಿನ ಹೊತ್ತಿಗೆ ಕಣ್ಣು ಬಿಡುತ್ತಾರೆ ಎಂದಿದ್ದರು. ಬೆಳಗಾಯಿತು, ಹತ್ತು ಹೊಡೆಯಿತು, ಮಧ್ಯಾಹ್ನವಾಯಿತು. ಅವನು ಕಣ್ಣು ಬಿಡಲಿಲ್ಲ.

ಡಾಕ್ಟರ ಮುಖ ಗಂಭೀರವಾಗಿತ್ತು. ವಯಸ್ಸಾದವರು ಕೆಲವೊಮ್ಮೆ ತಡವಾಗಿ ಏಳುತ್ತಾರೆ, ಕೆಲವೊಮ್ಮೆ ಮೆದುಳಿಗೇ ಪೆಟ್ಟಾಗಿರುತ್ತದೆ, ಈಗಲೇ ಹೇಳಲಾಗದು ಎಂದರು. ಮನೆಯವರು ಹತ್ತಿರ ಹೋಗಿ ಕರೆಯಲಿ ಎಂದರು. ಬಾಬಾಸಾಹೇಬ ಹೋಗಿ ಅಪ್ಪಾ ಅಪ್ಪಾ ಎಂದು ಕರೆದು ಕರೆದು, ಕೊನೆಗೆ ಅಳುತ್ತ ಹೊರಗೆ ಬಂದ.

"ನಾವು ಹೆಸರು ಹಿಡದು ಕರದೇವ್ರಿ, ಆದ್ರ ನಮ್ಮ ದನಿ ಅವರಿಗೆ ಹೊಸಾದು," ಎಂದಳು ಸುಗಂಧಾ. "ಗೊತ್ತಿದ್ದ ದನಿಯಾಗ ತನ್ನ ಹೆಸರು ಕೇಳಬೇಕ್ರಿ. ನೀವ ಬರ್ರಿ ಅಮ್ಮಾ."

ಶಿವಗಂಗವ್ವನಿಗೆ ಹಸಿರು ನಿಲುವಂಗಿ ತೊಡಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ ಒಳಗೆ ಕರೆದೊಯ್ದರು. ಬಾಯಲ್ಲಿ ನಳಿಗೆ, ಎದೆಯ ಉದ್ದಕ್ಕೂ ಪಟ್ಟಿ. ಮಷಿನ್ ಉಸಿರು ತುಂಬುತ್ತಿತ್ತು, ಎದೆ ಏರಿ ಇಳಿಯುತ್ತಿತ್ತು. ಎಂದೂ ಹಣೆಯಲ್ಲಿ ವಿಭೂತಿ ಇಲ್ಲದೆ ಕಂಡವನಲ್ಲ. ಈಗ ಬರಿ ಹಣೆ.

ಇದ್ದದ್ದೇ ಒಂದೆಳೆ ಆಯುಷ್ಯ. ಬರೀ ಹೆಸರು ಹಿಡಿದು ಕರೆದು ಅದನ್ನೂ ನಾನೇ ಕಡಿಯಲೇ?

ಅವಳು ಮಂಚದ ಹತ್ತಿರ ಬಂದಳು. ಆಮೇಲೆ, ಹೋಗುವುದೇ ಆದರೂ ನನ್ನ ಮನಸ್ಸು ಗೊತ್ತಾಗಿ ಹೋಗಲಿ ಎಂದುಕೊಂಡಳು. ಬಾಯಿಗೆ ಕಟ್ಟಿದ ಬಟ್ಟೆಯನ್ನು ಕೆಳಗೆಳೆದಳು. ಸುಗಂಧಾ ನೋಡಿಯೂ ಬೇಡವೆನ್ನಲಿಲ್ಲ. ಶಿವಗಂಗವ್ವ ಅವನ ಕೈ ಹಿಡಿದು, ಕಿವಿಯ ಹತ್ತಿರ ಬಾಗಿ, ಇಪ್ಪತ್ತೆರಡನೇ ವರ್ಷದಲ್ಲಿ ನುಂಗಿದ್ದನ್ನು ಹೊರಗೆ ತಂದಳು.

"ಕೃಷ್ಣಾ ಹೊಳಿ ತುಂಬಿ ಬಂದ್ರ ದಂಡಿ ಕಾಣೂದಿಲ್ಲ,
ವಿರುಪಾಕ್ಷಪ್ಪನವರ ಕೈ ಹಿಡದ್ರ ನಾ ಅಂಜೂದಿಲ್ಲ..."

ಏನೂ ಆಗಲಿಲ್ಲ. ಮಷಿನ್ ತನ್ನ ಪಾಡಿಗೆ ಉಸಿರು ತುಂಬುತ್ತಲೇ ಇತ್ತು.

ಮತ್ತೊಮ್ಮೆ ಹೇಳಿದಳು. ಅಳು ಒತ್ತಿಬಂದು ಎರಡನೇ ಸಾಲು ನಡುವೆ ಮುರಿಯಿತು, ಹೆಸರೊಂದು ಮಾತ್ರ ಪೂರ್ತಿ ಬಂತು.

"ವಿರುಪಾಕ್ಷಪ್ಪನವರ... ಕೇಳಾಕತ್ತೀರಿ? ಮನಸ್ಸಿಲ್ಲ ಅಂತ ನಿಮಗ ಯಾರ ಹೇಳಿದ್ರು? ಗುಡ್ಯಾಗ ನಿಮ್ಮ ಮಾರಿ ನೋಡಿದಾಗಿಂದ ನನಗ ಇನ್ನೊಂದು ಮನಸ್ಸ ಇಲ್ರಿ."

ಮುಚ್ಚಿದ ರೆಪ್ಪೆಯ ತುದಿಯಲ್ಲಿ ನೀರು ಕಂಡಿತು. ಅದು ಕಿವಿಯ ಕಡೆ ಇಳಿಯಿತು. ಸುಗಂಧಾ ಓಡಿಬಂದು, ಕೇಳುತ್ತಿದ್ದರೆ ಕೈ ಒತ್ತಿರಿ ಅಜ್ಜಾ ಎಂದಳು. ಶಿವಗಂಗವ್ವನ ಅಂಗೈಯಲ್ಲಿದ್ದ ಬೆರಳುಗಳು ನಿಧಾನವಾಗಿ, ಬಹಳ ನಿಧಾನವಾಗಿ ಮಡಚಿಕೊಂಡವು.

ಅವಳು ಮಂಚದ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಕೈ ಮಾತ್ರ ಬಿಡಲಿಲ್ಲ.

ನಳಿಗೆ ತೆಗೆದು, ವಾರ್ಡಿಗೆ ತಂದು, ಅವನಿಗೆ ಮಾತು ಬರಲು ಮತ್ತೆ ನಾಲ್ಕು ದಿನ ಹಿಡಿಯಿತು. ಎದೆಯ ಹೊಲಿಗೆ ನೋಯಬಾರದೆಂದು, ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅವಚಿಕೊಳ್ಳಲು ಕಲಿಸಿದ್ದರು. ಐದನೇ ದಿನ ಬೆಳಿಗ್ಗೆ, ಬಾಬಾಸಾಹೇಬ ಚಹಾ ತರಲು ಹೋದಾಗ, ಒಡೆದ ದನಿಯಲ್ಲಿ ಅವನು ಕೇಳಿದ.

"ಅಂದ ಯಾಕ ಹೇಳಲಿಲ್ಲ?"

ಅವಳು ಹೇಳಿದಳು. ಬಾಗಿಲು, ಮೂಲೆ, ತುಟಿ ಕಚ್ಚಿಕೊಂಡು ನಿಂತಿದ್ದ ಕೆಂಚವ್ವ. ಮುದುಕಿಗೂ ಅದು ಗೊತ್ತಿತ್ತಂತೆ. ಹೋದ ವರ್ಷ ಸಾಯುವಾಗ ಇವಳ ಕೈ ಹಿಡಿದು, ನನ್ನ ಸಲುವಾಗಿ ನುಂಗಿದೆ, ಇನ್ನಾದರೂ ಹೇಳವ್ವ ಎಂದಿದ್ದಳಂತೆ. ಐವತ್ತೆರಡನೇ ವಯಸ್ಸಿನಲ್ಲಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಒಡಪು ಕೇಳುವವರು ಯಾರು ಎಂದು ಇವಳು ಸುಮ್ಮನಾಗಿದ್ದಳು.

ವಿರುಪಾಕ್ಷಪ್ಪ ದಿಂಬನ್ನು ಎದೆಗೆ ಅವಚಿಕೊಂಡ. ಅಳುವಾಗಲೂ ಹೊಲಿಗೆ ನೋಯುತ್ತದೆ ಎಂದು ಅವನಿಗೆ ಅಂದೇ ತಿಳಿದದ್ದು.

"ನನಗರ ಒಂದ ಮಾತ ಹೇಳಬಾರದಿತ್ತೇನ?"

"ನೀವು ಕೇಳಲಿಲ್ರಿ."

ಹೊಸ ಕವಾಟ ಹತ್ತು ವರ್ಷ ಬಾಳಿದರೆ ಹೆಚ್ಚು ಎಂದಿದ್ದರು ಡಾಕ್ಟರು. ಕಳೆದದ್ದು ಮೂವತ್ತೊಂದು. ಅವಳು ಸೆರಗಿನ ಗಂಟು ಬಿಚ್ಚಿ ಲಿಂಗವನ್ನು ತೆಗೆದು ಅವನ ಕೊರಳಿಗೆ ಕಟ್ಟಿದಳು. ಮೂವತ್ತೊಂದು ವರ್ಷದಲ್ಲಿ ಅವನ ಕೊರಳಿಗೆ ಅವಳ ಕೈ ಬಿದ್ದದ್ದು ಅದೇ ಮೊದಲು.

"ನಾನೂ ಒಂದು ಕಟ್ಟಿಕೊಂಡ ಬಂದಿದ್ದೆ ಅಂದ," ಎಂದ ಅವನು. "ನೀ ಹೇಳಿದ ಮ್ಯಾಲ ಹೇಳಬೇಕಂತ."

"ಈಗ ಹೇಳ್ರಿ."

ಅವನು ಸುತ್ತ ನೋಡಿದ. ಪಕ್ಕದ ಮಂಚದವರು ನಿದ್ದೆಯಲ್ಲಿದ್ದರು. ಅರವತ್ತೈದರ ಗಂಡಸು ಹುಡುಗನಂತೆ ಕೆಂಪಾಗಿ, ಉಸಿರು ಕೂಡಿಸಿಕೊಂಡು ಹೇಳಿದ.

"ಬತ್ತಿದ ಬಾವ್ಯಾಗ ಮತ್ತ ಬಂದಾವ ನೀರ,
ಶಿವಗಂಗಾನ ಬಿಟ್ಟರ ನನಗ ಇನ್ನ ಯಾರ..."

ಶಿವಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವನ ಕೈ ಬಂದು ಸೆರಗನ್ನು ಸರಿಸಿತು.

"ನಿಂದು ಇನ್ನೊಮ್ಮೆ ಹೇಳು."

"ಬ್ಯಾಡ್ರಿ. ಅವತ್ತ ಒಡಪು ಬಿಟ್ಟು ಬರೀ ಹೆಸರನೂ ಹಿಡದು ಕರದೀನಿ. ಆಯುಷ್ಯ ಕಮ್ಮಿ ಆಗ್ತೈತಂತ."

"ಆದಷ್ಟು ಆಗಲಿ, ಶಿವಗಂಗಾ. ದಿನಾ ಒಮ್ಮೆ ಹೇಳು."